ನಡುಹೊಳೆಯಲ್ಲಿ ಕೇಳಿದ ಪ್ರಶ್ನೆ

"ಬುದ್ಧಿ, ಊಟ ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಹಾಗಾದರೆ ಪಂಕ್ತಿ ಯಾಕೆ ದಿನದಿನಕ್ಕೆ ಚಿಕ್ಕದಾಗುತ್ತಿದೆ?" ಎಂದು ಮರುಳಪ್ಪ ಗುರುಗಳನ್ನು ಕೇಳಿದ.

ಮಠದ ದಾಸೋಹ ಅವನ ಹೊಣೆ. ಊಟಕ್ಕೆ ಕೂತ ಒಬ್ಬರನ್ನೂ ಬಿಡದೆ ಒಂದು ತಿಂಗಳಿಂದ ವಿಚಾರಿಸುತ್ತಿದ್ದ. ಅನ್ನ ಹೇಗಿದೆ, ಸಾರು ಹೇಗಿದೆ, ಏನಾದರೂ ಕೊರತೆ ಇದೆಯೇ ಎಂದು ಕೇಳಿ, ಉತ್ತರಗಳನ್ನೆಲ್ಲ ಬರೆದಿಟ್ಟಿದ್ದ. ಅದರಲ್ಲಿ ಒಂದು ದೂರೂ ಇರಲಿಲ್ಲ. ಬರುವ ಸೋಮವಾರ ಊರ ಹಿರಿಯರು ಸೇರಿ, ಜನವೇ ಬಾರದ ದಾಸೋಹವನ್ನು ನಡೆಸಬೇಕೇ ನಿಲ್ಲಿಸಬೇಕೇ ಎಂದು ತೀರ್ಮಾನಿಸುವವರಿದ್ದರು. ಒಲೆ ತನ್ನ ಕಾಲದಲ್ಲೇ ಆರಿಹೋದರೆ ಏನು ಗತಿ ಎಂಬ ಭಯ ಅವನನ್ನು ಕಾಡುತ್ತಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅವನ ದೋಣಿಗೆ ಬರುವ ಜನ ಕಡಿಮೆಯಾಗತೊಡಗಿದರು. ಎರಡು ಹರದಾರಿ ಸುತ್ತಿಕೊಂಡು, ಸೊಂಟದವರೆಗಿನ ನೀರಿನಲ್ಲಿ ನಡೆದೇ ಹೊಳೆ ದಾಟುತ್ತಿದ್ದರು. ಅಂಬಿಗನಿಗೆ ಕಳವಳ ಹತ್ತಿತು. ಒಳ್ಳೆಯವನೇ ಪಾಪ, ತಪ್ಪಿದ್ದರೆ ತಿದ್ದಿಕೊಳ್ಳೋಣ ಎಂದುಕೊಂಡ. ದಡದಲ್ಲಿ ಎಲ್ಲರಿಗೂ ಅವಸರ, ನಡುಹೊಳೆಯಲ್ಲಾದರೆ ಪುರುಸೊತ್ತು ಎಂಬುದು ಅವನ ಎಣಿಕೆ. ಅಲ್ಲಿಗೆ ಬಂದೊಡನೆ ಹುಟ್ಟು ಹಾಕುವುದನ್ನು ನಿಲ್ಲಿಸಿ, ನನ್ನ ದೋಣಿ ಹೇಗಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಅವರು ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಬಹಳ ಚೆನ್ನಾಗಿದೆ ಎನ್ನುತ್ತಿದ್ದರು. ಅವರ ಕಾಲ ಬಳಿ ನೀರು ಜಿನುಗುತ್ತಿತ್ತು. ಅವನಿಗೆ ಅದು ಅಭ್ಯಾಸವಾಗಿಹೋಗಿತ್ತು.

ಮರುದಿನ ಅವರಲ್ಲಿ ಇಬ್ಬರು ಬರುತ್ತಿರಲಿಲ್ಲ. ಅವನು ಗಾಬರಿಯಾಗಿ, ದೋಣಿಯನ್ನು ಇನ್ನಷ್ಟು ಹೊತ್ತು ನಿಲ್ಲಿಸಿಕೊಂಡು ಎರಡೆರಡು ಸಲ ಕೇಳತೊಡಗಿದ.

ಕೊನೆಗೊಂದು ದಿನ ಬಂದವಳು ಒಬ್ಬಳೇ ಮುದುಕಿ. ಅವಳೂ ನಡುಹೊಳೆಯಲ್ಲಿ ಚೆನ್ನಾಗಿದೆ ಎಂದಳು. ದಡಕ್ಕಿಳಿದು ಸೀರೆ ಹಿಂಡಿಕೊಳ್ಳುತ್ತಾ, ದೋಣಿ ಸೋರುತ್ತದೆ, ನಾಳೆಯಿಂದ ನಾನೂ ಸುತ್ತಿಕೊಂಡೇ ಹೋಗುತ್ತೇನೆ ಎಂದಳು.

ಅಂಬಿಗನಿಗೆ ಅಳುವೇ ಬಂತು. "ಅವ್ವಾ, ಈಗ ತಾನೇ ಕೇಳಿದೆನಲ್ಲ. ಆಗ ಯಾಕೆ ಹೇಳಲಿಲ್ಲ?"

"ಆಗ ಸುತ್ತ ನೀರಿತ್ತಲ್ಲಪ್ಪ. ಹುಟ್ಟು ನಿನ್ನ ಕೈಲಿತ್ತು."

ಕತೆ ಅಲ್ಲಿಗೆ ನಿಂತಿತು. ಮರುಳಪ್ಪನಿಗೆ ಅಂಬಿಗನ ಪೆದ್ದುತನಕ್ಕೆ ಸ್ವಲ್ಪ ನಗು ಬಂತು. ತಾನು ಯಾರನ್ನೂ ಹಾಗೆ ಹೆದರಿಸಿಲ್ಲ, ಎಲೆಯ ಮುಂದೆ ಕೂತವರನ್ನು ಬಡಿಸುತ್ತಾ ಬಡಿಸುತ್ತಾ ಮರ್ಯಾದೆಯಿಂದಲೇ ಕೇಳಿದ್ದೇನೆ ಎಂದ.

"ಆಗ ಸೌಟು ಯಾರ ಕೈಲಿತ್ತು, ಮರುಳಪ್ಪ?" ಎಂದರು ಗುರುಗಳು.