ಒಂದೆಲೆ ಗುಡ್ಡಕ್ಕೆ ಆ ಹೆಸರು ಬಂದದ್ದು

ನಮ್ಮ ಇಂಗಳಕೊಪ್ಪದ ಪಡುವಣಕ್ಕೆ, ಊರಿಗೆ ಗೋಡೆ ಕಟ್ಟಿದಂತೆ ನಿಂತಿರುವುದೇ ಒಂದೆಲೆ ಗುಡ್ಡ. ಹಿಮಾಲಯ ಎತ್ತರದಲ್ಲಿ ಇದಕ್ಕಿಂತ ತುಸು ಮುಂದಿರಬಹುದು, ಅದಕ್ಕಾಗಿ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಅದನ್ನು ಮಧ್ಯಾಹ್ನ ಹತ್ತಿ ರಾತ್ರಿ ನಿಮ್ಮ ಮನೆಗೆ ಬಂದು ಮಲಗಲಾದೀತೇ, ಹೇಳಿ. ಗುಡ್ಡದ ತುಂಬ ಮುತ್ತಲ ಗಿಡಗಳು. ಸುತ್ತಲಿನ ಮದುವೆಗಳಿಗೆಲ್ಲ ಊಟದೆಲೆ ಹೋಗುವುದು ಇಲ್ಲಿಂದಲೇ. ಹೀಗಾಗಿ ಹೆಸರು ಕೇಳಿದ ಪರಸ್ಥಳದವರು, ಇಷ್ಟೊಂದು ಎಲೆಯ ನಡುವೆ ಒಂದೆಲೆ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುತ್ತಾರೆ. ಅದರ ಕಾರಣ ಬಲ್ಲವನು ಈ ಸೀಮೆಯಲ್ಲಿ ನಾನೊಬ್ಬನೇ. ಉಳಿದವರಿಗೂ ಗೊತ್ತಿದೆ, ನನ್ನಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ, ಅಷ್ಟೇ.

ಹಿಂದೆ ಒಮ್ಮೆ, ಊರಲ್ಲಿ ಕಲ್ಲೇಶ್ವರನ ಗುಡಿಯೂ ಪಕ್ಕದ ಹಳ್ಳಿಯಲ್ಲಿ ಜೈನರ ಬಸದಿಯೂ ಹೊಸದಾಗಿದ್ದ ಕಾಲದಲ್ಲಿ, ನಮ್ಮ ವಂಶದ ಹಿರಿಯನಾದ ರಾಚಪ್ಪನೆಂಬವನು ಇಲ್ಲಿ ಎಣ್ಣೆಯ ಗಾಣ ಹೂಡಿದ್ದನು. ಅವನ ಗಾಣದ ಎಣ್ಣೆ ಎಷ್ಟು ತಿಳಿಯಾಗಿತ್ತೆಂದರೆ, ಹೆಂಗಸರು ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಇಡುತ್ತಿದ್ದರು ಎನ್ನುತ್ತಾರೆ. ಆ ಎಣ್ಣೆ ಮಾರಲು ಹೋಗಿಯೇ ಅವನು ಬಸದಿಯ ಬೀದಿಯ ನೇಮವ್ವನನ್ನು ಕಂಡದ್ದು. ಎರಡೂ ಕಡೆಯ ಹಿರಿಯರು ಕುಣಿದಾಡಿದರು. ಹುಡುಗಿ ದೇವರನ್ನು ಬಿಡಬೇಕೆಂದು ಇವರು, ಹುಡುಗ ಬಿಡಬೇಕೆಂದು ಅವರು. ಇಬ್ಬರೂ ಬಿಡಲಿಲ್ಲ, ಒಬ್ಬರನ್ನೊಬ್ಬರೂ ಬಿಡಲಿಲ್ಲ. ದೇವರ ಮುಂದೆ ಬೇರೆ ಬೇರೆ ನಿಂತರೂ ಸಂಜೆಯ ಊಟ ಮಾತ್ರ ಬದುಕಿರುವವರೆಗೆ ಒಂದೇ ಎಲೆಯಲ್ಲಿ ಎಂದು ಪರಸ್ಪರ ಮಾತು ಕೊಟ್ಟು ಮದುವೆಯಾದರು.

ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ತೊಡಕಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬುದು ನೇಮವ್ವನ ವ್ರತ. ರಾಚಪ್ಪನೂ ಅವಳೊಂದಿಗೆ ಹೊತ್ತಿರುವಾಗಲೇ ಎಲೆಯ ಮುಂದೆ ಕೂರುತ್ತಿದ್ದನು. ತೊಡಕು ಸೋಮವಾರದ್ದು. ಅಂದು ಕಲ್ಲೇಶ್ವರನ ದೀಪಸ್ತಂಭಕ್ಕೆ ಎಣ್ಣೆ ಕೊಡುವ ಮನೆ ರಾಚಪ್ಪನದು; ಆ ದೀಪ ಉರಿಯುವುದನ್ನು ಕಣ್ಣಾರೆ ಕಾಣುವವರೆಗೆ ಅವನು ಹನಿ ನೀರನ್ನೂ ಮುಟ್ಟುವಂತಿರಲಿಲ್ಲ. ಪೂಜಾರಿ ದೀಪ ಹಚ್ಚುವುದು ಸೂರ್ಯ ಗುಡ್ಡದ ಹಿಂದೆ ಸರಿದು ಊರು ನೆರಳಾದ ಮೇಲೆ. ದೀಪ ಬಂದಾಗ ಸೂರ್ಯನಿಲ್ಲ, ಸೂರ್ಯನಿರುವಾಗ ದೀಪವಿಲ್ಲ. ಅವನು ಉಪವಾಸವಿರುವಾಗ ಅವಳೂ ಹಗಲೆಲ್ಲ ಉಣ್ಣುತ್ತಿರಲಿಲ್ಲ. ಹೀಗಾಗಿ ಸೋಮವಾರ ಇಬ್ಬರೂ ಖಾಲಿ ಹೊಟ್ಟೆಯಲ್ಲೇ ಮಲಗಿ, ಮಂಗಳವಾರ ಬೆಳಕು ಹರಿದ ಮೇಲೆ ನಗುತ್ತ ಉಣ್ಣುತ್ತಿದ್ದರು. ಹೊಸ ಮದುವೆ; ಹಸಿವೂ ರುಚಿಯಾಗಿಯೇ ಇತ್ತು.

ಆದರೆ ನೇಮವ್ವ ಬಸುರಿಯಾದಳು. ಸೋಮವಾರ ಬಂತೆಂದರೆ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿಯತೊಡಗಿದಳು. ಒಂದು ಸೋಮವಾರ ನೀರಿನ ಕೊಡದೊಂದಿಗೆ ಅಂಗಳದಲ್ಲೇ ಬಿದ್ದಳು. ರಾಚಪ್ಪನ ತಾಯಿ ಗುರವ್ವ ಎದೆ ಬಡಿದುಕೊಂಡು, "ಹೊಟ್ಟ್ಯಾಗಿನ ಕೂಸಿಗೆ ಸೋಮವಾರ ತಿಳೀತದೇನ? ಹೊತ್ತಿದ್ದಾಗ ನೀ ಒಬ್ಬಾಕೇನ ಉಣ್ಣವ್ವ ತಾಯಿ" ಎಂದಳು. "ಬ್ಯಾರೆ ಬ್ಯಾರೆ ಉಣ್ಣೂದಿದ್ರ ಬ್ಯಾರೆ ಬ್ಯಾರೆ ಮನ್ಯಾಗ ಇರಬಹುದಿತ್ತಲ್ಲ, ಅತ್ತಿ" ಎಂದಳು ಸೊಸೆ. ರಾಚಪ್ಪ ಪೂಜಾರಿಯ ಬಳಿಗೆ ಓಡಿ, ದೀಪವನ್ನು ತುಸು ಬೇಗ ಹಚ್ಚಿರೆಂದು ಬೇಡಿದನು. "ಹಗಲ ದೀಪ ಹಚ್ಚಾಕ ನನಗೇನು ಹುಚ್ಚು ಹಿಡದದ? ಸೂರ್ಯಗ ಹೇಳು, ಬೇಕಾದ್ರ ಅವನ ಬೇಗ ಹೋಗಲಿ" ಎಂದು ಪೂಜಾರಿ ಬೆನ್ನು ತಿರುಗಿಸಿದನು.

ಮುಂದಿನ ಸೋಮವಾರ ರಾಚಪ್ಪ ಗುಡಿಗೆ ಎಣ್ಣೆ ಕೊಟ್ಟು ಬಂದವನೇ, ಇನ್ನೂ ಬಿಸಿಲಿರುವಾಗಲೇ ಎಲೆ ಹಾಸಿ ಕುಳಿತನು. "ಇವತ್ತಿಂದ ನನಗ ಸೋಮವಾರ ಇಲ್ಲ. ಬಾ, ಉಣ್ಣು" ಎಂದನು. ನೇಮವ್ವನಿಗೆ ಸಂತೋಷವಾಯಿತೆಂದು ತಿಳಿದಿರಾ? ಕೆಂಡವಾದಳು. "ನನ್ನ ಸಲುವಾಗಿ ದೇವರಿಗೆ ಕೊಟ್ಟ ಮಾತು ಬಿಡಾವ್ರು, ನಾಳೆ ಯಾರ ಸಲುವಾಗಿ ನನಗ ಕೊಟ್ಟ ಮಾತು ಬಿಡತೀರೋ, ಯಾರು ಕಂಡಾರ?" ಎಂದಳು. "ಹಂಗಾದ್ರ ನೀ ಬಿಡು" ಎಂದನು ಇವನು. "ನಾ ಬಿಟ್ರ ನಿಮಗೂ ನನ್ನ ಮ್ಯಾಲೆ ಅದ ಅನುಮಾನ ಬರೂದಿಲ್ಲೇನು?" ನಮ್ಮ ಹಿರಿಯನು ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತಿದನು. ಅವಳೋ ಸೆರಗು ಬಿಗಿದು ಗುಡ್ಡದ ದಾರಿ ಹಿಡಿದಳು. ಬಸುರಿ ಹೆಂಗಸು ಕೋಪದಲ್ಲಿ ಹತ್ತಿದ ರಭಸಕ್ಕೆ ಎರಡು ಬಂಡೆ ತಾವಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟವಂತೆ. ಇವನು "ನೇಮಿ, ನಿಲ್ಲು, ಬಿದ್ದಗಿದ್ದಿ!" ಎಂದು ಕೂಗುತ್ತ ಏದುಸಿರು ಬಿಡುತ್ತ ಹಿಂದೆಯೇ ಹತ್ತಿದನು.

ತುದಿಯ ಹಾಸುಬಂಡೆಯ ಮೇಲೆ ಅವಳು ಪಡುವಣಕ್ಕೆ ಮುಖ ಮಾಡಿ ಕುಳಿತಿದ್ದಳು. ಮುಖದ ತುಂಬ ಬಿಸಿಲು. ಸಮಾಧಾನ ಮಾಡಲೆಂದು ಇವನು ಅವಳೆದುರು ಕುಕ್ಕರಿಸಿದನು. ಮಾತು ಹುಡುಕುತ್ತ ಅವಳ ಭುಜದಾಚೆ ಕಣ್ಣು ಹಾಯಿಸಿದರೆ, ಕೆಳಗೆ ನೆರಳಲ್ಲಿ ಮುಳುಗಿದ ಊರು, ಊರ ನಡುವೆ ಕಲ್ಲೇಶ್ವರನ ದೀಪಸ್ತಂಭ, ಅದರ ತಲೆಯ ಮೇಲೆ ಹೊನ್ನಿನ ಚುಕ್ಕೆಯಂತೆ ದೀಪ! "ನೇಮಿ, ದೀಪ ಹಚ್ಯಾರ!" ಎಂದು ಕಿರುಚಿದನು. "ಸೂರ್ಯ ಇನ್ನೂ ಅದಾನ" ಎಂದಳು ಅವಳು ಮೆಲ್ಲಗೆ. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು: ಎಲೆ ಮನೆಯಲ್ಲಿತ್ತು.

ರಾಚಪ್ಪ ಆ ದಿನ ಓಡಿದಂತೆ ನಮ್ಮ ವಂಶದಲ್ಲಿ ಮತ್ತೆ ಯಾರೂ ಓಡಿಲ್ಲ, ನನ್ನನ್ನು ಬಿಟ್ಟರೆ. ಅವನು ಇಳಿದು, ಎಲೆ ಸಮೇತ ರೊಟ್ಟಿ ಪಲ್ಯ ಎತ್ತಿಕೊಂಡು ಹತ್ತುವವರೆಗೆ ಸೂರ್ಯ ನಿಂತೇ ಇದ್ದನೆಂದು ಕೆಲವರು ಹೇಳುತ್ತಾರೆ. ನಾನು ಉತ್ಪ್ರೇಕ್ಷೆಯ ಮನುಷ್ಯನಲ್ಲ. ಸೂರ್ಯ ನಿಲ್ಲಲಿಲ್ಲ, ಸ್ವಲ್ಪ ನಿಧಾನ ಮಾಡಿದನು. ಇಬ್ಬರೂ ಎರಡೇ ತುತ್ತು ಉಂಡಿರಬೇಕು, ಬಿಸಿಲು ಆರಿತು. ನೇಮವ್ವ ಕೈ ತೆಗೆದಳು. ಒಬ್ಬನೇ ಉಣ್ಣಲಾರದೆ ಅವನೂ ತೆಗೆದನು. "ಮುಂದಿನ ಸೋಮವಾರ ರೊಟ್ಟಿ ಮರೀಬ್ಯಾಡ್ರಿ" ಎಂದಳಂತೆ. ಅಷ್ಟು ದಿನದ ಮೇಲೆ ನಕ್ಕದ್ದು ಆಗಲೇ. ಅಲ್ಲಿಂದ ಮುಂದೆ ಅವರು ಮರೆಯಲಿಲ್ಲ. ಕೂಸು ಗುಂಡುಗುಂಡಾಗಿ ಹುಟ್ಟಿತು. ಮುಪ್ಪಿನಲ್ಲಿಯೂ ಒಬ್ಬರ ಕೈ ಒಬ್ಬರು ಹಿಡಿದು ಸೋಮವಾರ ಹತ್ತುತ್ತಿದ್ದ ಅವರನ್ನು ಕಂಡು ಜನ ಅದನ್ನು ಒಂದೆಲೆ ಗುಡ್ಡವೆಂದು ಕರೆದರು.

ಆ ಹಾಸುಬಂಡೆಯ ಮೇಲೆ ಎದುರುಬದುರಾಗಿ ಎರಡು ಕಡೆ ಕಲ್ಲು ಸವೆದು ನುಣುಪಾಗಿರುವುದನ್ನು ನೀವು ಇಂದಿಗೂ ನೋಡಬಹುದು. ಒಂದರಲ್ಲಿ ಕುಳಿತರೆ ಗುಡಿಯ ದೀಪ, ಇನ್ನೊಂದರಲ್ಲಿ ಕುಳಿತರೆ ಮುಳುಗುವ ಸೂರ್ಯ. ನಮ್ಮ ಕಡೆ ಹೊಸದಾಗಿ ಮದುವೆಯಾದವರು ಮೊದಲ ಸೋಮವಾರ ಒಂದೇ ಎಲೆ ಹಿಡಿದು ಅಲ್ಲಿಗೆ ಹೋಗುತ್ತಾರೆ. ಕುಳಿತ ಮೇಲೆ ತಿಳಿಯುತ್ತದೆ, ಒಬ್ಬರ ತಲೆ ಇನ್ನೊಬ್ಬರ ನೋಟಕ್ಕೆ ಅಡ್ಡ ಬರುತ್ತದೆಂದು. ಸಂಜೆ ಆ ದಾರಿಯಲ್ಲಿ ಹೋದರೆ ನೀವೂ ಕಾಣುವಿರಿ: ಅವನು ಸ್ವಲ್ಪ ಈಚೆಗೆ, ಅವಳು ಸ್ವಲ್ಪ ಆಚೆಗೆ ಓರೆಯಾಗಿ, ಎದುರಿನವರ ಕಣ್ಣಿಗೆ ದಾರಿ ಬಿಟ್ಟುಕೊಟ್ಟು, ಉಣ್ಣುತ್ತಿರುತ್ತಾರೆ.