ಎಲೆ ಮಡಿಚದೆ ಎದ್ದವಳು

"ಗುರುಗಳೇ, ಹಿರಿಯರು ಬೇಡ ಎಂದ ಮೇಲೆ ಆ ಮಾತನ್ನು ಮೀರಬಹುದೇ?"

ಹೀಗೆ ಕೇಳಿದವನು ಮಠದಲ್ಲಿ ಓದುತ್ತಿದ್ದ ಮರುಳಯ್ಯ. ಅವನಿಗೆ ತಂದೆ ತಾಯಿ ಇರಲಿಲ್ಲ. ಎತ್ತಿ ಆಡಿಸಿ ಸಾಕಿದವಳು ಅಕ್ಕ. ಆ ಅಕ್ಕ ಹಾಸಿಗೆ ಹಿಡಿದಿದ್ದಾಳೆಂದು ಅವಳ ಮನೆಯ ಆಳು ಬೆಳಿಗ್ಗೆ ಬಂದು ತಿಳಿಸಿದ್ದ. ಜೊತೆಗೆ ಅವಳು ಹೇಳಿಕಳಿಸಿದ ಮಾತನ್ನೂ ಒಪ್ಪಿಸಿದ್ದ: ಓದು ಬಿಟ್ಟು ನೀನು ಬರುವುದು ಬೇಡ. ಆಳು ಇನ್ನೂ ಮಠದ ಜಗಲಿಯ ಮೇಲೆ ಕುಳಿತೇ ಇದ್ದ.

"ನೀವು ಕಲಿಸಿದ ನೇಮಗಳೆಲ್ಲ ಬೇಡ ಎಂಬ ಮಾತಿನಲ್ಲೇ ಇವೆ. ಬೇಡ ಎಂದದ್ದನ್ನು ಮಾಡದಿರುವುದೇ ಧರ್ಮವಲ್ಲವೇ?" ಎಂದು ಮರುಳಯ್ಯ ಮತ್ತೆ ಕೇಳಿದ.

"ಹೋಗದೇ ಇರುವುದಕ್ಕೆ ನನ್ನ ಅಪ್ಪಣೆ ಬೇರೆ ಬೇಕೇನಪ್ಪ ನಿನಗೆ? ಕೂತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನು ವ್ಯಾಪಾರದಿಂದ ಹೆಸರು ಮಾಡಿದವನಲ್ಲ, ಬಡಿಸುವುದರಿಂದ ಹೆಸರು ಮಾಡಿದವನು. ಯಾರ ಮನೆಯ ಊಟವಾದರೂ ಸೊಂಟಕ್ಕೆ ವಲ್ಲಿ ಬಿಗಿದು ಪಂಕ್ತಿಗೆ ಇಳಿಯುತ್ತಿದ್ದ. ಉಣ್ಣುವವರು ಬೇಡ ಎಂದರೆ ಹೋಳಿಗೆ ಹಾಕುತ್ತಿದ್ದ. ಬೇಡವೇ ಬೇಡ ಎಂದರೆ ಎರಡು ಹಾಕುತ್ತಿದ್ದ. ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಸುರಿಯುತ್ತಿದ್ದ.

ನಮ್ಮ ಜನರ ರೀತಿ ನಿನಗೆ ಗೊತ್ತೇ ಇದೆ. ಒಂದೇ ಸಲಕ್ಕೆ ಹಾಕಿ ಎಂದರೆ ಆಸೆಬುರುಕ ಅನ್ನುತ್ತಾರೆ. ಹಸಿದವನೂ ಬೇಡ ಅನ್ನಬೇಕು. ಬಡಿಸುವವನು ಇನ್ನೊಂದು ಸಲ ಕೇಳಬೇಕು. ಅದು ಇಬ್ಬರ ಮರ್ಯಾದೆ. ವ್ಯಾಪಾರಿ ಇದನ್ನು ಚೆನ್ನಾಗಿ ಅರಿತಿದ್ದ. "ಎಲೆ ಮಡಿಚುವ ತನಕ ಬೇಡ ಅಂದರೆ ಬೇಕು ಅಂತಲೇ ಅರ್ಥ" ಎಂದು ಎಲ್ಲರ ಮುಂದೆ ಹೇಳುತ್ತಿದ್ದ. ಅವನು ಬಡಿಸಿದ ಪಂಕ್ತಿಯಿಂದ ಅರೆಹೊಟ್ಟೆಯಲ್ಲಿ ಎದ್ದವರು ಯಾರೂ ಇರಲಿಲ್ಲ. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಈ ಕತೆಯಲ್ಲಿ ಅಳುವಂಥದ್ದು ಏನೂ ಇರುತ್ತಿರಲಿಲ್ಲ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹೊಳೆಯಾಚೆಯ ಊರಿನಿಂದ ಸಂಬಂಧ ಬಂತು. ಹೊಲ, ಗದ್ದೆ, ಕಟ್ಟಿದ ಮನೆ ಎಲ್ಲ ಇತ್ತು. ಹುಡುಗನ ಕೈ ಮುಂದು, ಮಾತು ಹಿಂದು ಎಂಬ ಸುದ್ದಿಯೂ ಇತ್ತು. ಮಗಳು ಬಾಗಿಲ ಹಿಂದೆ ತಲೆ ತಗ್ಗಿಸಿ ನಿಂತು, "ಬೇಡಪ್ಪಾ" ಎಂದಳು. ವ್ಯಾಪಾರಿ ನಕ್ಕುಬಿಟ್ಟ. ಬೇಡ ಅನ್ನದ ಮದುಮಗಳು ಎಲ್ಲಿದ್ದಾಳೆ ಎಂದ. ನೆಂಟರೂ ನಕ್ಕರು. ಮಗಳು ಮತ್ತೊಮ್ಮೆ ಹೇಳಿದಳು. ನಾಚಿಕೆ ಹೆಚ್ಚು ಇವಳಿಗೆ ಎಂದು ಎಲ್ಲರೂ ಮೆಚ್ಚಿಕೊಂಡರು. ಮದುವೆಯಾಯಿತು. ಆ ಮದುವೆಯಲ್ಲಿ ಅವನು ಬಡಿಸಿದ ಚೆಂದವನ್ನು ಊರು ಬಹಳ ಕಾಲ ನೆನೆಯಿತು.

ಮರುವರ್ಷ ಮಗಳನ್ನು ನೋಡಲು ವ್ಯಾಪಾರಿ ಹೊಳೆಯಾಚೆ ಹೋದ. ನೀರು ತಂದುಕೊಡುವಾಗ ಅವಳ ಸೆರಗು ಸರಿಯಿತು. ತೋಳಿನ ಮೇಲೆ ಸುಟ್ಟ ಬರೆ ಕಂಡಿತು. ಅವನಿಗೆ ಎಲ್ಲ ತಿಳಿಯಿತು. ಚೊಂಬು ಕೆಳಗಿಟ್ಟು ಮೆಲ್ಲಗೆ ಕೇಳಿದ.

"ಈ ಮನೆ ಬೇಡ ಅಂತ ನೀನು ಅವತ್ತೇ ಹೇಳಬಾರದಿತ್ತೇನಮ್ಮಾ?"

"ಹೇಳಿದ್ನಲ್ಲಪ್ಪಾ" ಎಂದಳು ಮಗಳು.

ಅವನು ಅಂದೇ ಕೈಹಿಡಿದು ಕರೆದುಕೊಂಡು ಬರಬೇಕಾಗಿತ್ತು ಅನ್ನುತ್ತೀಯ. ಹೌದು, ಬರಬೇಕಾಗಿತ್ತು. ಕೊಟ್ಟ ಹೆಣ್ಣನ್ನು ಹಿಂದಕ್ಕೆ ತಂದರೆ ಜನ ಏನನ್ನುತ್ತಾರೋ ಎಂದು ಹೆದರಿದ. ಅಳಿಯನಿಗೆ ನಾಲ್ಕು ಬುದ್ಧಿಮಾತು ಹೇಳಿ ಒಬ್ಬನೇ ಹೊಳೆ ದಾಟಿದ. ದಾರಿಯುದ್ದಕ್ಕೂ ಅತ್ತ. ಮನೆಗೆ ಬಂದವನೇ ದೇವರ ಮುಂದೆ ನಿಂತು ಆಣೆ ಮಾಡಿದ: ಇನ್ನು ಯಾರ ಬೇಡವನ್ನೂ ನಾನು ಮೀರುವುದಿಲ್ಲ.

ಅಂದಿನಿಂದ ಅವನು ಬೇರೆ ಮನುಷ್ಯನಾದ. ಪಂಕ್ತಿಯಲ್ಲಿ ಯಾರಾದರೂ ಬೇಡ ಎಂದರೆ ತಲೆಬಾಗಿ ಮುಂದಕ್ಕೆ ಹೋಗುತ್ತಿದ್ದ. ಇನ್ನೊಂದು ಸಲ ಕೇಳುತ್ತಿರಲಿಲ್ಲ. ಜನ ಅರೆಹೊಟ್ಟೆಯಲ್ಲಿ ಎದ್ದು ಕೈತೊಳೆಯುತ್ತಿದ್ದರು. ವ್ಯಾಪಾರಿಯ ಕೈಗೆ ಏನು ದೊಡ್ಡರೋಗ ಬಂತು ಎಂದು ಆಡಿಕೊಳ್ಳುತ್ತಿದ್ದರು. ಆಮೇಲೆ ಅವನನ್ನು ಬಡಿಸಲು ಕರೆಯುವುದನ್ನೇ ಬಿಟ್ಟರು. ಅವನು ಬೇಸರಪಟ್ಟುಕೊಳ್ಳಲಿಲ್ಲ. ತಪ್ಪು ತಿದ್ದಿಕೊಂಡೆ ಎಂಬ ಸಮಾಧಾನ ಅವನಿಗಿತ್ತು. ಆ ಸಮಾಧಾನ ಬಹಳ ಕೆಟ್ಟದ್ದು ಮರುಳಯ್ಯ, ಕಣ್ಣಿಗೆ ಪೊರೆ ಬಂದ ಹಾಗೆ.

ಹೀಗಿರುವಾಗ ಒಂದು ಮಧ್ಯಾಹ್ನ ಮಗಳು ಹೇಳದೆ ಕೇಳದೆ ಬಂದಳು. ಬಾಡಿಗೆಗಾಡಿಯಿಂದ ಇಳಿದಾಗ ಅವಳ ಕಂಕುಳಲ್ಲಿ ಬಟ್ಟೆಯ ಗಂಟು ಇತ್ತು. ಒಂದು ಹೊತ್ತಿಗೆ ಬಂದವರು ಅಷ್ಟು ಬಟ್ಟೆ ತರುವುದಿಲ್ಲ. ಅಪ್ಪ ಎಲೆ ಹಾಕಿ ತಾನೇ ಬಡಿಸಿದ. ಒಳಗೆ ಚಿಕ್ಕ ಮಗಳ ಮದುವೆಗೆ ಹಪ್ಪಳ ಒತ್ತುತ್ತಿದ್ದರು. ಗಂಡನ ಮನೆ ಬಿಟ್ಟು ಬಂದ ಅಕ್ಕ ಮನೆಯಲ್ಲಿದ್ದಾಳೆಂದು ತಿಳಿದರೆ ಬೀಗರು ಏನು ಮಾಡಿಯಾರು ಎಂಬುದು ದೊಡ್ಡವಳಿಗೆ ಗೊತ್ತಿತ್ತು. ಅವಳು ಹಪ್ಪಳದ ಕಡೆಗೊಮ್ಮೆ, ಅಪ್ಪನ ಕಡೆಗೊಮ್ಮೆ ನೋಡಿದಳು.

"ಇಲ್ಲೇ ಇದ್ದುಬಿಡ್ತೀಯೇನಮ್ಮಾ?" ಎಂದು ಅಪ್ಪ ಕೇಳಿದ.

"ಬೇಡಪ್ಪಾ" ಎಂದಳು.

ಅವನಿಗೆ ಇರು ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಆಣೆ ನೆನಪಾಯಿತು. ಒಮ್ಮೆ ಇವಳ ಮಾತು ಮೀರಿ ಇವಳ ಬಾಳು ಕೆಡಿಸಿದೆ, ಇನ್ನೊಮ್ಮೆ ಮೀರಲಾರೆ ಎಂದುಕೊಂಡ. "ನಿನ್ನಿಷ್ಟ ಕಣಮ್ಮಾ" ಎಂದು ಪಾತ್ರೆ ಎತ್ತಿಕೊಂಡು ಹಿಂದೆ ಸರಿದ.

ಮಗಳು ಎಲೆಯ ಮುಂದೆ ಸುಮ್ಮನೆ ಕುಳಿತಿದ್ದಳು. ಎಲೆಯ ಮೇಲಿನ ಅನ್ನ ಆರಿಹೋಯಿತು. ಆಮೇಲೆ ಎದ್ದು, ಕೈತೊಳೆದು, ಗಂಟು ಎತ್ತಿಕೊಂಡು, ಬಂದ ಗಾಡಿಯಲ್ಲೇ ಹೊರಟಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಬಂದು ಎಲೆ ತೆಗೆಯಲು ಬಗ್ಗಿದಾಗ ಅದು ಮಡಿಚಿರಲಿಲ್ಲ. ಮನಸ್ಸು ಸರಿಯಿಲ್ಲದೆ ಮರೆತಿದ್ದಾಳೆ ಎಂದುಕೊಂಡ.

ಚಿಕ್ಕವಳ ಮದುವೆ ಚೆನ್ನಾಗಿ ನಡೆಯಿತು. ಮಳೆಗಾಲಕ್ಕೆ ಮುಂಚೆ ಹೊಳೆಯಾಚೆಯಿಂದ ಸುದ್ದಿ ಬಂತು. ಮಗಳು ತೀರಿಕೊಂಡಿದ್ದಳು. ಜ್ವರ ಎಂದರು. ಅಪ್ಪ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಹೊಸ ಮಣ್ಣಿನ ಮುಂದೆ ಕುಳಿತವನನ್ನು ಏಳಿಸಲು ಯಾರಿಂದಲೂ ಆಗಲಿಲ್ಲ. ಕೊನೆಗೆ ಗಾಡಿಯವನು ರಟ್ಟೆ ಹಿಡಿದು ಏಳಿಸಿ ಗಾಡಿಯಲ್ಲಿ ಕೂರಿಸಿದ. ಮಗಳನ್ನು ಅಂದು ಕರೆತಂದು ಕರೆದೊಯ್ದವನೂ ಅವನೇ.

ಹೊಳೆ ಹತ್ತಿರವಾದಾಗ ಗಾಡಿಯವನು ತಡೆಯಲಾರದೆ ಹೇಳಿದ.

"ಹೇಳ್ಬಾರ್ದು ಅಂತಿದ್ದೆ ಸಾವ್ಕಾರ್ರೇ. ಅವತ್ತು ಅವ್ವಾರು ಊರ ಗಡಿ ದಾಟೋ ಗಂಟ ತಿರುಗಿ ತಿರುಗಿ ನೋಡ್ತಿದ್ರು. 'ಎತ್ತು ಮೆಲ್ಲಗೆ ಹೊಡಿಯಣ್ಣಾ, ಅಪ್ಪ ಇನ್ನೊಂದ್ಸಲ ಕೇಳ್ತಾರೆ' ಅಂದ್ರು. ನಾನು ಮೆಲ್ಲಗೇ ಹೊಡ್ದೆ."

ವ್ಯಾಪಾರಿ ಅದಾದ ಮೇಲೂ ಬಹಳ ವರ್ಷ ಬದುಕಿದ. ಮನೆಯಲ್ಲಿ ಯಾರೇ ಉಂಡು ಎದ್ದರೂ ಅವರ ಎಲೆಯನ್ನು ಬಗ್ಗಿ ನೋಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕಣ್ಣೊರೆಸಿಕೊಂಡ. ಆದರೂ ಓದಿದ ಹುಡುಗನಲ್ಲವೇ, ಕೇಳದೆ ಇರಲಾಗಲಿಲ್ಲ.

"ಎರಡು ಸಲವೂ ಅವಳು ಆಡಿದ್ದು ಒಂದೇ ಮಾತು, ಗುರುಗಳೇ. ಮೊದಲನೆಯದನ್ನು ಕೇಳಬೇಕಾಗಿತ್ತು, ಎರಡನೆಯದನ್ನು ಮೀರಬೇಕಾಗಿತ್ತು. ಬೇಡ ಎಂದವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ?"

ಗುರುಗಳು ಜಗಲಿಯ ಕಡೆ ನೋಡಿದರು. ಅಕ್ಕನ ಮನೆಯ ಆಳು ಇನ್ನೂ ಅಲ್ಲೇ ಕುಳಿತಿದ್ದ. ಅವನ ಕಾಲಿನ ಧೂಳು ಮೊಣಕಾಲಿನವರೆಗೆ ಇತ್ತು. ಹೇಳುವ ಮಾತು ಹೇಳಿ ಮುಗಿದಿದ್ದರೂ ಅವನು ಹೊರಟಿರಲಿಲ್ಲ.

"ಬರಬೇಡ ಎಂದು ಹೇಳುವುದಕ್ಕೆ ನಿನ್ನ ಅಕ್ಕ ಅಷ್ಟು ದೂರದಿಂದ ಆಳನ್ನು ಏಕೆ ಕಳಿಸಿದಳಪ್ಪಾ?"

ಮರುಳಯ್ಯ ಎದ್ದು ಜಗಲಿಯ ಕಡೆ ನಡೆದ.