ಮರಗೆಣಸಿನ ತೊಟ್ಟು

ಘಾನಾ ದೇಶದಲ್ಲಿ, ವೋಲ್ಟಾ ನದಿಯ ದಡದ ಕ್ರೋಬೋ ಜನರ ಒಂದು ಊರಿನಲ್ಲಿ ಮಾಕು ಎಂಬ ಗುರು ಇದ್ದಳು. ಆಕೆಯ ಆಶ್ರಮ ಅಂದರೆ ಒಂದು ಮಾವಿನ ಮರ, ನಾಲ್ಕು ಕೋಣೆ, ಒಂದು ಮಣ್ಣಿನ ಕುಲುಮೆ.

ಮೊದಲು ಆಕೆ ಸರ್ಕಾರಿ ಶಾಲೆಯ ಟೀಚರ್. ಒಂದನೇ ತರಗತಿಗೆ ನಲವತ್ತು ಹುಡುಗಿಯರು ಸೇರಿದರೆ ಕೊನೆಯ ತರಗತಿಯಲ್ಲಿ ಆರು ಮಂದಿ ಉಳಿಯುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ತಾಯಂದಿರು ಮಿಕ್ಕವರನ್ನು ಸಂತೆಗೆ ಕರೆದೊಯ್ಯುತ್ತಿದ್ದರು.

"ಹುಡುಗೀರು ಸಂತೆಗೆ ಹೋಗೋದೇ ಆದರೆ, ಸಂತೇನೇ ಶಾಲೆಗೆ ಬರಲಿ," ಅಂದಳು ಮಾಕು. ಕೆಲಸ ಬಿಟ್ಟಳು. ಜನ ಎಸೆದ ಬಾಟಲಿಗಳನ್ನು ಆಯ್ದು ತಂದಳು. ಬೆಳಿಗ್ಗೆ ಅಕ್ಷರ ಕಲಿಸಿದಳು, ಮಧ್ಯಾಹ್ನ ಅಜ್ಜಿಯರ ಕಾಲದ ಕಸುಬಾದ ಗಾಜಿನ ಮಣಿ ಮಾಡಿಸಿದಳು.

ಮೂವತ್ತು ವರ್ಷಗಳಲ್ಲಿ ಆ ಮಣಿಗಳು ರಾಜಧಾನಿ ಅಕ್ರಾದ ಅಂಗಡಿ ಸೇರಿದವು, ಆಮೇಲೆ ಹಡಗನ್ನೂ ಹತ್ತಿದವು. ಒಂದು ಶಾಲೆ ನಾಲ್ಕಾಯಿತು.

ಯಾವ ಶಾಲೆಯ ಬೋರ್ಡಿನಲ್ಲೂ ಆಕೆಯ ಹೆಸರಿರಲಿಲ್ಲ. ಹೊಸ ಹುಡುಗಿಯರು ಆಕೆಯನ್ನು ಅಂಗಳ ಗುಡಿಸುವವಳು ಅಂದುಕೊಳ್ಳುತ್ತಿದ್ದರು. ಅವರದೇನೂ ತಪ್ಪಲ್ಲ, ದಿನವೂ ಗುಡಿಸುತ್ತಿದ್ದದ್ದು ಆಕೆಯೇ.

ಒಂದು ಸೋಮವಾರ ಕೋರ್ಯೊ ದೋಣಿ ಇಳಿದು ಬಂದಳು. ಮಾಕುವಿನ ಬಳಿ ಒಂಬತ್ತು ವರ್ಷ ಕಲಿತವಳು. ಎರಡು ವರ್ಷದ ಹಿಂದೆ ಆಚೆ ದಡದಲ್ಲಿ ತನ್ನದೇ ಶಾಲೆ ತೆರೆದಿದ್ದಳು. ಮುಖ ಬಾಡಿತ್ತು, ಕೈಯಲ್ಲೊಂದು ಬಟ್ಟೆಯ ಗಂಟಿತ್ತು.

"ಅಮ್ಮಾ, ನೀವು ಗುರುವಾರ ನನ್ನ ಶಾಲೆಗೆ ಬರಬೇಕು."

"ಯಾಕೆ?"

"ನನಗೆ ಎಂಟು ದಿನ ಜ್ವರ ಬಂತು. ಎಂಟು ದಿನವೂ ಶಾಲೆ ಮುಚ್ಚಿತ್ತು. ಈಗ ಊರ ಹಿರಿಯರು ಶಾಲೆ ನೋಡೋದಕ್ಕೆ ಬರ್ತಾರಂತೆ. ಇದು ನಡೆಯೋ ಶಾಲೆಯಲ್ಲ ಅನ್ನಿಸಿದರೆ ಕಟ್ಟಡ ಬಿಡಿಸಿ ಜೋಳ ತುಂಬ್ತಾರೆ."

"ಎಂಟು ದಿನ ಯಾಕೆ ಮುಚ್ಚಿತ್ತು?"

"ಬೀಗದ ಕೈ ನನ್ನ ಸೊಂಟದಲ್ಲಿತ್ತು, ಅಮ್ಮಾ. ಕುಲುಮೆ ಹಚ್ಚೋಳು ನಾನು, ಪಾಠ ಹೇಳೋಳು ನಾನು, ಬಣ್ಣ ಬೆರೆಸೋಳು ನಾನು. ಹುಡುಗೀರ ಕೈಗೆ ಕೊಟ್ಟರೆ ಕೆಡಿಸಿಬಿಡ್ತಾರೆ."

ಮಾಕು ಗಂಟಿನ ಕಡೆ ನೋಡಿದಳು. "ಅದೇನು?"

ಕೋರ್ಯೊ ನಾಚುತ್ತಲೇ ಬಿಚ್ಚಿದಳು. ಒಳಗೆ ನೂರಾರು ನೀಲಿ ಮಣಿಗಳು. ಒಂದೊಂದರ ನಡುವೆಯೂ ಕಬ್ಬಿಣದ ತಂತಿಯ ತುಂಡು ಸಿಕ್ಕಿಕೊಂಡಿತ್ತು.

ಮಣಿ ಮಾಡುವ ಕ್ರಮ ಹೀಗೆ: ಮಣ್ಣಿನ ಅಚ್ಚಿನ ಗುಳಿಗಳಿಗೆ ಗಾಜಿನ ಪುಡಿ ತುಂಬಿ, ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟೊಂದನ್ನು ನೆಡುತ್ತಾರೆ. ಕುಲುಮೆಯಲ್ಲಿ ಗಾಜು ಕರಗಿ ಒಂದಾಗುತ್ತದೆ, ತೊಟ್ಟು ಸುಟ್ಟುಹೋಗುತ್ತದೆ. ಅದಿದ್ದ ಜಾಗದಲ್ಲಿ ತೂತು ಉಳಿಯುತ್ತದೆ. ಕ್ರೋಬೋ ಊರುಗಳಲ್ಲಿ ಇದು ಎಳೆ ಮಕ್ಕಳಿಗೂ ಗೊತ್ತು.

"ತೊಟ್ಟು ಯಾಕೆ ಬಿಟ್ಟೆ?"

"ಹುಡುಗೀರು ನೆಟ್ಟರೆ ವಾಲತ್ತೆ, ಮುರಿಯತ್ತೆ. ತಂತಿ ಆದರೆ ಆಮೇಲೆ ಎಳೆದು ತೆಗೀಬಹುದು, ಗಟ್ಟಿಯಾಗಿ ನಿಲ್ಲತ್ತೆ ಅಂತ..."

"ನಿಂತಿದೆಯಲ್ಲ," ಅಂದಳು ಮಾಕು.

ಕೋರ್ಯೊಗೆ ಅಳು ಬಂತು. "ಗುರುವಾರ ಬರ್ತೀರಾ ಅಮ್ಮಾ? ನೀವು ಮುಂದಿನ ಕುರ್ಚೀಲಿ ಕೂತರೆ ಸಾಕು, ಹಿರಿಯರು ಬಾಯಿ ತೆರೆಯಲ್ಲ."

"ನಾನು ಬರಲ್ಲ. ನೀನೂ ಹೋಗಬೇಡ."

ಕೋರ್ಯೊ ತನ್ನ ಕಿವಿಯನ್ನೇ ನಂಬಲಿಲ್ಲ. "ನಾನಿಲ್ಲದೆ ಅಲ್ಲಿ ಏನು ನಡೆಯತ್ತೆ?"

"ಗೊತ್ತಿಲ್ಲ. ನಿನಗೂ ಗೊತ್ತಿಲ್ಲ." ಮಾಕು ಕೈ ಚಾಚಿದಳು. "ಬೀಗದ ಕೈ ಕೊಡು."

ಕೋರ್ಯೊ ಸೊಂಟದಿಂದ ಅದನ್ನು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು. ಮಾಕು ಅದನ್ನು ದೋಣಿ ನಡೆಸುವ ಮುದುಕ ಟೆಟ್ಟೆಗೆ ಕೊಟ್ಟಳು. "ಆಚೆ ದಡದ ಶಾಲೇಲಿ ಹಿರಿಯ ಹುಡುಗಿ ಡೇಡೆ ಅಂತ ಇದ್ದಾಳೆ. ಅವಳ ಕೈಗೆ ಕೊಡು. ಏನೂ ಹೇಳಬೇಡ."

ಮಂಗಳವಾರ, ಬುಧವಾರ ಎರಡೂ ದಿನ ಕೋರ್ಯೊ ಆಶ್ರಮದಲ್ಲೇ ಉಳಿದು ಬಾಟಲಿ ಕುಟ್ಟಿದಳು. ಒರಳಿನ ಗಾಜು ಹಿಟ್ಟಾದರೂ ಮನಸ್ಸು ಹಗುರವಾಗಲಿಲ್ಲ.

ಗುರುವಾರ ಬೆಳಿಗ್ಗೆ ಎದ್ದವಳೇ ನದಿಗೆ ಓಡಿದಳು. ಗುರುವಿನ ಮಾತು ದೊಡ್ಡದು ನಿಜ, ಆದರೆ ಎರಡು ವರ್ಷದ ಬೆವರು ಚಿಕ್ಕದೇ? ಒಂದು ಕಾಲನ್ನು ದೋಣಿಯಲ್ಲಿಟ್ಟಳು.

"ಕೂತ್ಕೋ ಮಗಳೇ," ಅಂದ ಟೆಟ್ಟೆ.

ಅವಳ ಮುಷ್ಟಿಯಲ್ಲಿ ನೀಲಿ ಮಣಿಯೊಂದಿತ್ತು. ತಂತಿಯನ್ನು ಹಿಡಿದು ಎಳೆದಳು, ಬರಲಿಲ್ಲ. ಹಲ್ಲಿನಿಂದ ಎಳೆದಳು. ತುಟಿ ಹರಿಯಿತು, ತಂತಿ ಅಲುಗಲಿಲ್ಲ.

ಬಹಳ ಹೊತ್ತು ಹಾಗೇ ನಿಂತಳು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ನೀರಿನಲ್ಲಿ.

"ಇಲ್ಲ ತಾತ, ನೀವು ಹೋಗಿ ಬನ್ನಿ," ಅಂದು ದಡಕ್ಕೆ ಹಿಂತಿರುಗಿದಳು. ಬಂದು ಒನಕೆ ಹಿಡಿದಳು. ಅವತ್ತು ಅವಳು ಕುಟ್ಟಿದ ಹೊಡೆತಕ್ಕೆ ಮಾವಿನ ಮರದ ಹಕ್ಕಿಗಳೆಲ್ಲ ಹಾರಿಹೋದವು.

ಸಂಜೆ ಟೆಟ್ಟೆ ಬಂದ. ಬರುವಾಗಲೇ ನಗುತ್ತಿದ್ದ.

"ಹಿರಿಯರು ಬಂದಿದ್ದರು," ಅಂದ. "ನಿಮ್ಮ ಟೀಚರ್ ಎಲ್ಲಿ ಅಂತ ಕೇಳಿದರು. ಆ ಡೇಡೆ ಇದ್ದಾಳಲ್ಲ, ತಲೇನೂ ಎತ್ತಲಿಲ್ಲ. 'ಪಾಠ ನಡೀತಿದೆ, ಸದ್ದು ಮಾಡದೆ ಕೂತ್ಕೊಳ್ಳಿ' ಅಂದಳು. ಕೂತರು! ಊರ ಮುಖ್ಯಸ್ಥನೂ ಚಿಕ್ಕ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತ."

"ಕುಲುಮೆ?" ಅಂದಳು ಕೋರ್ಯೊ.

"ಹಚ್ಚಿದರು. ಮೊದಲನೇ ಅಚ್ಚು ಹಾಳಾಯ್ತು, ಎರಡನೇದು ಬಂತು."

"ನನ್ನ ತಂತಿ?"

"ಅದರಿಂದ ಕರಿಹಲಗೆ ನೇತುಹಾಕಿದ್ದಾರೆ. ಚೆನ್ನಾಗಿ ನಿಂತಿದೆ."

"ಕಟ್ಟಡ ಏನಾಯ್ತು ತಾತ?"

"ಜೋಳಕ್ಕೆ ಬೇರೆ ಜಾಗ ನೋಡ್ತಾರಂತೆ."

ಟೆಟ್ಟೆ ಜೇಬಿನಿಂದ ಒಂದು ಸರ ತೆಗೆದು ಕೊಟ್ಟ. ನೀಲಿ ಮಣಿಗಳು. ಒಂದೆರಡು ಸೊಟ್ಟಗಿದ್ದವು. ಒಂದಕ್ಕಂತೂ ಬಣ್ಣವೇ ಸರಿಯಾಗಿ ಕೂತಿರಲಿಲ್ಲ. ಆದರೆ ಎಲ್ಲವೂ ಒಂದೇ ದಾರದಲ್ಲಿ ಕೂತಿದ್ದವು.

ಕೋರ್ಯೊಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಎರಡು ವರ್ಷ ಹೊತ್ತವಳು ತಾನು, ಒಬ್ಬರಾದರೂ ತನ್ನ ಹೆಸರೆತ್ತಲಿಲ್ಲ. ಸರವನ್ನು ಬೆಳಕಿಗೆ ಹಿಡಿದು ಮಣಿಗಳನ್ನು ಒಂದೊಂದಾಗಿ ಸರಿಸಿ ನೋಡಿದಳು.

"ಇದರಲ್ಲಿ ನಾನೆಲ್ಲಿದ್ದೀನಿ, ಅಮ್ಮಾ?"

ಮಾಕು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಸರವನ್ನು ತೆಗೆದುಕೊಂಡು ಶಿಷ್ಯೆಯ ಕೊರಳಿಗೆ ಹಾಕಿದಳು.

"ದಾರ ಎಲ್ಲಿ ಹಾದುಹೋಗಿದೆಯೋ, ಅಲ್ಲಿ."